ಐದನೆಯ ತೇಪೆ

ನಾಲ್ಕು ತೇಪೆಗಳಿಗೆ ಕಾರಣವಿತ್ತು. ಐದನೆಯದಕ್ಕೆ ಇರಲಿಲ್ಲ.

ಗಾಡಿಯ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ನಾನು ಮತ್ತೊಮ್ಮೆ ಎಣಿಸಿದೆ. ಎಡಗಡೆಯ ಉಕ್ಕಿನ ತೊಲೆಗೆ ಎರಡು, ಬಲಗಡೆಯ ತೊಲೆಗೆ ಎರಡು. ಮರಳಿನಲ್ಲಿ ಓಡುವ ಎರಡು ಬಾಗಿಲಿನ ಹಳೆಯ ಗಾಡಿಯನ್ನು ನಾಲ್ಕು ಬಾಗಿಲಿನದಾಗಿ ಮಾಡಬೇಕಾದರೆ ಚಾಸಿಯನ್ನು, ಅಂದರೆ ಆ ತೊಲೆಗಳ ಚೌಕಟ್ಟನ್ನು, ನಡುವೆ ಕತ್ತರಿಸಿ, ಒಂದು ಮೊಳದಷ್ಟು ಹೊಸ ಉಕ್ಕನ್ನು ಕೂರಿಸಬೇಕು. ಬೆಸೆದ ಒಂದೊಂದು ಕೀಲಿನ ಮೇಲೂ ಎಲೆಯಾಕಾರದ ತೇಪೆ ಹಾಕಬೇಕು. ಇಲ್ಲದಿದ್ದರೆ ಮೊದಲನೆಯ ಮರಳುದಿಬ್ಬದಲ್ಲೇ ಗಾಡಿಯ ಬೆನ್ನು ಮುರಿಯುತ್ತದೆ. ಎರಡು ತೊಲೆ, ನಾಲ್ಕು ಕೀಲು, ನಾಲ್ಕು ತೇಪೆ.

ಐದನೆಯದು ಬಲಗಡೆ, ಹಿಂದಿನ ಚಕ್ರದ ಹತ್ತಿರ, ಅಂಗೈ ಅಗಲ. ಅಲ್ಲಿ ಕತ್ತರಿಸಿದ್ದೂ ಇಲ್ಲ, ಬೆಸೆದದ್ದೂ ಇಲ್ಲ. ಗಾಯವಿಲ್ಲದ ಕಡೆ ಬಟ್ಟೆ ಸುತ್ತಿದ ಹಾಗಿತ್ತು.

"ಅಜ್ಜಾ, ನಿದ್ದೆ ಬಂತಾ? ದಿಂಬು ತಂದುಕೊಡ್ಲಾ?"

ಚಕ್ರದ ಪಕ್ಕದಲ್ಲಿ ಎಣ್ಣೆ ಹಿಡಿದ ಎರಡು ಚಪ್ಪಲಿಗಳು ಬಂದು ನಿಂತವು. ಗುಲ್ ಜಮಾನ್. ಪೇಶಾವರದ ಕಡೆಯವನು, ಹದಿನೆಂಟು ವರ್ಷದಿಂದ ಮರಳುಗಾಡಿನ ಅಂಚಿನ ಸಿನಾವ್ ಊರಿನ ಈ ಶೆಡ್ಡಿನಲ್ಲಿ ಬೆಸುಗೆ ಹಾಕುತ್ತ ನಮ್ಮ ಮಾತನ್ನು ನಮಗಿಂತ ಚೆನ್ನಾಗಿ ಕಲಿತವನು.

"ನಿದ್ದೆ ಬರೋ ವಯಸ್ಸು ಹೋಯ್ತು ಕಣೋ. ನಿನ್ನ ಎಡಸೊಂಟ ಹೇಗಿದೆ?"

ಚಪ್ಪಲಿಗಳು ಅಲುಗಾಡಲಿಲ್ಲ. "ಯಾರು ಹೇಳಿದ್ರು?"

"ಅಂಗಳದ ಮರಳು ಹೇಳ್ತು. ನಿನ್ನೆಯ ಹೆಜ್ಜೆ ಸರಿಯಾಗಿದೆ. ಇವತ್ತಿನದು ಎಡಗಡೆ ಭಾರ ಬಿಡ್ತಾ ಇಲ್ಲ."

"ಹೊಸ ಇಂಜಿನ್ ಇಳಿಸೋವಾಗ ಉಳುಕ್ತು." ಅವನು ನಕ್ಕ. "ನೀವಿರೋ ಊರಲ್ಲಿ ಕಳ್ಳರು ಹಾರ್ಕೊಂಡೇ ಓಡಾಡ್ಬೇಕು. ಆದ್ರೆ ನಿಮ್ಮ ಹೆಜ್ಜೇನೂ ನಾನು ನೋಡ್ದೆ ಅಜ್ಜಾ. ಎಡಗಾಲು ಒಳಗೆ ತಿರುಗಿಸ್ಕೊಂಡು ಬಾತುಕೋಳಿ ಥರ ಬರ್ತೀರಾ."

"ಅದು ನಮ್ಮ ಮನೆತನದ ಆಸ್ತಿ. ನಮ್ಮಪ್ಪ ಬಿಟ್ಟುಹೋದದ್ದು ಅದೊಂದೇ. ನಾವಿಬ್ಬರು ಅಣ್ಣತಮ್ಮಂದಿರು ಜಗಳವಿಲ್ಲದೆ ಹಂಚಿಕೊಂಡದ್ದೂ ಅದೊಂದೇ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ತಮ್ಮನ ಮಾತನ್ನು ನಾನು ಯಾರ ಎದುರೂ ಎತ್ತುವುದಿಲ್ಲ.

ನಾಲ್ಕು ದಿನದ ಹಿಂದೆ ಸಿನಾವ್ ಸಂತೆಯ ಗುಜರಿ ರಾಶಿಯಲ್ಲಿ ಒಂದು ಹಳೆಯ ಇಂಜಿನ್ ನನ್ನ ಕಣ್ಣಿಗೆ ಬಿದ್ದಿತ್ತು. ಅದರ ಪಕ್ಕದ ಮುಚ್ಚಳದ ಸುತ್ತ, ಎಣ್ಣೆ ಕುಡಿದು ಖರ್ಜೂರದ ಸಿಪ್ಪೆಯ ಹಾಗೆ ಕಪ್ಪಾಗಿದ್ದ ಒಂಟೆ ಚರ್ಮ. ಎಣ್ಣೆ ಸೋರದಂತೆ ಕೂರಿಸುವ ಕಾರ್ಖಾನೆಯ ಗ್ಯಾಸ್ಕೆಟ್ ಸಿಗದ ಒಂದು ದಿನ, ಮರಳಿನ ನಡುವೆ, ನಮ್ಮ ಮನೆಯ ಗಾಡಿಗೆ ಆ ಚರ್ಮವನ್ನು ನಾನೇ ಚೂರಿಯಿಂದ ಕತ್ತರಿಸಿ ಕೂರಿಸಿದ್ದೆ. ನನ್ನ ತಮ್ಮ ಸುಹೈಲ್ ದೀಪ ಹಿಡಿದಿದ್ದ.

ಅದಾದ ಮೇಲೆ ಸುಹೈಲ್ ಆ ಗಾಡಿಯ ಸಮೇತ ಕಾಣೆಯಾದ. ಇಪ್ಪತ್ತೆರಡು ವರ್ಷವಾಯಿತು.

ಆಗ ನಾನು ಪೊಲೀಸರ ಜಾಡುಗಾರ. ಅವನ ಚಕ್ರದ ಗುರುತನ್ನು ನಾನೇ ಹಿಂಬಾಲಿಸಿದೆ. ಅದು ನೇರವಾಗಿ ಉಮ್ಮುಸ್ಸಮೀಮಿನ ಉಪ್ಪಿನ ಕೆಸರಿಗೆ ಹೋಗಿ ನಿಂತಿತು. ಮೇಲೆ ಬೆಳ್ಳಗೆ ಗಟ್ಟಿ ಕಾಣುವ, ಒಳಗೆ ಒಂಟೆಯನ್ನೇ ನುಂಗುವ ನೆಲ ಅದು. "ಒಳಗೆ ಹೋದ ಗುರುತು ಇದೆ, ಹೊರಗೆ ಬಂದದ್ದು ಇಲ್ಲ," ಎಂದು ನಾನು ನ್ಯಾಯಾಧೀಶರ ಮುಂದೆ ಹೇಳಿದೆ. ಅವರು ಬರೆದುಕೊಂಡರು. ಶವವಿಲ್ಲದ ಜನಾಜಾ ನಮಾಜು ಮಾಡಿದೆವು. ನಮ್ಮ ತಾಯಿ ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

ಹೀಗೆ, ನನ್ನ ತಮ್ಮ ಸತ್ತದ್ದು ನನ್ನ ಬಾಯಿಂದ.

ಆ ಗಾಡಿ ಕೆಸರಿನಲ್ಲಿ ಮುಳುಗಿರಲಿಲ್ಲ ಎಂದಾದರೆ ಯಾರೋ ಅವನನ್ನು ಕೊಂದು ಗಾಡಿ ಕದ್ದಿರಬೇಕು. ನಾಲ್ಕು ದಿನದಿಂದ ನನ್ನ ಎದೆಯಲ್ಲಿದ್ದದ್ದು ಇದೊಂದೇ. ಗುಜರಿಯವನಿಂದ ಲಾರಿಯವನಿಗೆ, ಲಾರಿಯವನಿಂದ ಈ ಶೆಡ್ಡಿಗೆ ಜಾಡು ಬಂದಿತ್ತು. ಯಜಮಾನ ಹುಮೈದ್ ಊಟಕ್ಕೆ ಹೋಗಿದ್ದ. ಗಾಡಿ ನೋಡಲೇ ಎಂದು ಕೇಳಿದರೆ ಗುಲ್ ಜಮಾನ್ ಬೇಡವೆನ್ನಲಿಲ್ಲ. ತನ್ನ ಕೆಲಸವನ್ನು ಮಲಗಿಕೊಂಡು ನೋಡುವವನು ಸಿಕ್ಕರೆ ಯಾವ ಬೆಸುಗೆಯವನು ಬೇಡವೆನ್ನುತ್ತಾನೆ?

ನಾನು ಹೊರಗೆ ತೆವಳಿ ಬಂದು ಧೂಳು ಕೊಡವಿಕೊಂಡೆ.

ಗಾಡಿ ಸುಂದರವಾಗಿತ್ತು, ಸುಳ್ಳು ಯಾಕೆ ಹೇಳಲಿ. ಎಪ್ಪತ್ತೆಂಟರ ಜಪಾನಿ ಗಾಡಿ. ಅದೇ ದುಂಡು ಕಣ್ಣು, ಅದೇ ಚೌಕ ಹಣೆ. ಹಿಂದಿನ ಎರಡು ಬಾಗಿಲುಗಳನ್ನು ಅದೇ ಜಾತಿಯ ಇನ್ನೊಂದು ಸತ್ತ ಗಾಡಿಯಿಂದ ತೆಗೆದು, ಚಕ್ರದ ಕಮಾನಿಗೆ ಸರಿಯಾಗಿ ಅಡಿಯನ್ನು ಕೊರೆದಿದ್ದರು. ಎರಡು ಚಾವಣಿಗಳನ್ನು ಸೇರಿಸಿ ಒಂದು ಮಾಡಿದ ಹೊಲಿಗೆ ಎಲ್ಲಿದೆ ಎಂದು ಬೆರಳಿಗೂ ಗೊತ್ತಾಗುತ್ತಿರಲಿಲ್ಲ. ಬಣ್ಣ, ಸಂಜೆಯ ಮರಳಿನದು.

"ಮುಂದೆ ಬನ್ನಿ, ಹೃದಯ ತೋರಿಸ್ತೀನಿ," ಎಂದು ಗುಲ್ ಜಮಾನ್ ಮುಚ್ಚಳ ಎತ್ತಿದ. "ಎಂಟು ಸಿಲಿಂಡರ್. ಅಪಘಾತವಾದ ಹೊಸ ಗಾಡೀದು. ಮೈಯೆಲ್ಲ ಜಜ್ಜಿಹೋಗಿತ್ತು, ಇದಕ್ಕೆ ಗೀರೂ ಬಿದ್ದಿರಲಿಲ್ಲ. ಆದ್ರೆ ದಪ್ಪ ಹೆಣ್ಣಿಗೆ ತಂಗಿಯ ಅಂಗಿ ಹಾಕಿಸಿದ ಹಾಗಾಯ್ತು. ಹಿಂದಿನ ಗೋಡೆ ಬಡಿದು ಒಳಗೆ ತಳ್ಳಿದೆ, ಇಂಜಿನ್ ಕೂರೋ ಕಾಲು ಹೊಸದಾಗಿ ಮಾಡಿದೆ, ಗಾಳಿ ಹೊಡೆಯೋ ರೆಕ್ಕೆ ಕೂರೋಕೆ ರೇಡಿಯೇಟರನ್ನೇ ಮುಂದಕ್ಕೆ ಜರುಗಿಸಿದೆ. ಉಪ್ಪಿನ ಕೆಸರಲ್ಲಿ ಹೂತರೂ ಎದ್ದು ಬರಬೇಕು ಅಂದ್ರು. ಬರುತ್ತೆ."

"ಉಪ್ಪಿನ ಕೆಸರು ಅಂತ ಅಂದ್ರಾ?"

"ಹೂಂ. ಇನ್ನೊಂದು ಕೇಳಿ. ಎಲ್ರೂ ಬಂದು ಸಿಂಹದ ಗರ್ಜನೆ ಬೇಕು ಅಂತಾರೆ. ಇವರು ಸದ್ದೇ ಬೇಡ ಅಂದ್ರು. ಸದ್ದು ಕೇಳಿದ್ರೆ ಒಳಗೆ ಕೂತೋರು ಹೆದರ್ತಾರಂತೆ. ಮೂರು ಸೈಲೆನ್ಸರ್ ಹಾಕಿದೀನಿ. ಸಿಂಹದ ಬಾಯಿಗೆ ಬಟ್ಟೆ ತುರುಕಿದ ಪಾಪ ನನ್ನ ಮೇಲೆ."

"ಯಾರು ಅವರು?"

ಅವನ ಕೈ ಮುಚ್ಚಳದ ಮೇಲೆಯೇ ನಿಂತಿತು. ಕಣ್ಣು ಶೆಡ್ಡಿನ ಮೂಲೆಯ ಕೋಣೆಯತ್ತ ಹೋಯಿತು. "ಅದನ್ನೆಲ್ಲ ಯಜಮಾನ್ರನ್ನ ಕೇಳಿ."

"ಸರಿ. ನಿನ್ನನ್ನೇ ಕೇಳೋದು ಒಂದಿದೆ. ನಾಲ್ಕು ಕೀಲಿಗೆ ಐದು ತೇಪೆ ಯಾಕೆ?"

ಗುಲ್ ಜಮಾನನ ನಗು ಆರಿತು. ಕೈಗವಸು ಹಾಕಿಕೊಂಡ, ತೆಗೆದ, ಮತ್ತೆ ಹಾಕಿಕೊಂಡ. ಆಮೇಲೆ ಸುತ್ತಿಗೆ ಹುಡುಕುವವನ ಹಾಗೆ ಆಚೆ ಹೋದ. ಸುತ್ತಿಗೆ ಅವನ ಸೊಂಟದಲ್ಲೇ ಇತ್ತು.

ನಾನು ಹಿಂದಿನ ಬಾಗಿಲು ತೆಗೆದು ಒಳಗೆ ಕುಳಿತೆ.

ಹೊಸ ಚರ್ಮದ ವಾಸನೆ. ಸೀಟು ಅಗಲವಾಗಿತ್ತು, ಒಬ್ಬರು ಕಾಲು ಚಾಚಿ ಮಲಗಬಹುದು. ಇಂಥ ಸೀಟಿನಲ್ಲಿ ಕೂರಿಸಿಕೊಂಡು ಹೋಗಲು ನನಗೆ ಯಾರೂ ಇಲ್ಲ. ಹೆಂಡತಿಯನ್ನು ಅಲ್ಲಾಹನು ಬೇಗ ಕರೆದುಕೊಂಡ, ಮಕ್ಕಳನ್ನು ಕೊಡಲಿಲ್ಲ. ಅವನ ತೀರ್ಮಾನಕ್ಕೆ ಸ್ತುತಿ. ಊರೂರಿಗೂ ಡಾಂಬರು ಬಂದ ಮೇಲೆ ಜಾಡುಗಾರನನ್ನು ಕರೆಯುವವರೂ ನಿಂತರು. ಡಾಂಬರಿಗೆ ನೆನಪಿನ ಶಕ್ತಿಯಿಲ್ಲ. ನಾನೀಗ ಬೆಳಿಗ್ಗೆ ಎದ್ದು ನನ್ನ ಗುಡಿಸಲಿನ ಸುತ್ತಲ ಹೆಜ್ಜೆಗಳನ್ನು ಓದುತ್ತೇನೆ. ಒಂದು ಒಂಟೆಯದು, ಒಂದು ನರಿಯದು, ಉಳಿದದ್ದೆಲ್ಲ ನನ್ನದೇ.

ಇಳಿಯಲು ಕೈ ಚಾಚಿದೆ. ಕೈಗೆ ಏನೂ ಸಿಗಲಿಲ್ಲ. ಬಾಗಿಲಿನ ಒಳಮೈ ನುಣ್ಣಗಿತ್ತು. ಹಿಡಿ ಇರಬೇಕಾದ ಕಡೆ ಚರ್ಮ ಹೊದಿಸಿ ಹೊಲಿದಿದ್ದರು. ಇನ್ನೊಂದು ಬಾಗಿಲಿಗೆ ಸರಿದೆ. ಅಲ್ಲೂ ಇಲ್ಲ. ಕೆಲಸ ಮುಗಿದಿಲ್ಲವೇನೋ ಎಂದುಕೊಂಡು, ತೆರೆದ ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲು ತೆರೆದೆ.

ಹುಮೈದ್ ಎದುರಿಗೇ ನಿಂತಿದ್ದ. ಒಂದು ಕೈಯಲ್ಲಿ ಕಾಫಿಯ ಹೂಜಿ, ಇನ್ನೊಂದರಲ್ಲಿ ಖರ್ಜೂರದ ತಟ್ಟೆ.

ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಕಿಡಿ ಹಾರಿ ಹಾರಿ ಬೆರಳ ತುದಿಗಳೆಲ್ಲ ಕಪ್ಪು ಚುಕ್ಕಿ. "ಬಖೀತಣ್ಣ ಬಂದಿದ್ದಾನೆ ಅಂದ್ರು," ಎಂದ. "ಗಾಡಿ ಒಳಗೆ ಯಾಕೆ ಕೂತೆ? ನನ್ನ ಚಾಪೆ ಚುಚ್ಚುತ್ತಾ?"

ಚಾಪೆಯ ಮೇಲೆ ಕುಳಿತೆವು. ಮನೆಯವರ ಆರೋಗ್ಯ, ಒಂಟೆಯ ಆರೋಗ್ಯ, ಬೇಸಿಗೆ ಮುಗಿಯಿತೆಂದು ಹೇಳುವ, ನನ್ನ ತಮ್ಮನ ಹೆಸರಿನ ಸುಹೈಲ್ ನಕ್ಷತ್ರ ಮೂಡಿದರೂ ಇಳಿಯದ ಸೆಕೆ, ಎಲ್ಲ ಆಯಿತು. ಅವನು ಕಾಫಿ ಬಗ್ಗಿಸಿ ಬಲಗೈಯಲ್ಲಿ ಚಾಚಿದ. ಏಲಕ್ಕಿಯ ಪರಿಮಳ.

ನಾನು ಲೋಟವನ್ನು ತೆಗೆದುಕೊಂಡೆ. ತುಟಿಗೆ ತಾಗಿಸದೆ ನೆಲದ ಮೇಲೆ ಇಟ್ಟೆ.

ಹುಮೈದನ ಮುಖ ಬಿಳಿಚಿಕೊಂಡಿತು. ಬೇರೆ ಮಾತು ಬೇಕಿರಲಿಲ್ಲ. ನಮ್ಮಲ್ಲಿ ಅತಿಥಿ ಲೋಟ ಕೆಳಗಿಟ್ಟರೆ ಕೇಳಲು ಬಂದಿದ್ದಾನೆ ಎಂದೇ ಅರ್ಥ, ಕೊಡುವವರೆಗೆ ಕುಡಿಯುವುದಿಲ್ಲ. ಅತಿಥಿಯ ಕಾಫಿ ಆರಿಸಿ ಕಳಿಸಿದ ಮನೆಯ ಹೆಸರನ್ನು ಮೂರು ತಲೆಮಾರು ಹೇಳಿಕೊಂಡು ನಗುತ್ತಾರೆ.

"ಹೀಗೆ ಮಾಡ್ಬೇಡ ಬಖೀತಣ್ಣಾ. ಕುಡಿ. ಆಮೇಲೆ ಮಾತಾಡೋಣ."

"ಮಾತಾಡಿ ಆಮೇಲೆ ಕುಡೀತೀನಿ. ಈ ಗಾಡಿ ನನ್ನ ತಮ್ಮಂದು."

"ಹಳೇ ಗಾಡಿ ನೂರಿವೆ. ಎಲ್ಲಾನೂ ಅಣ್ಣತಮ್ಮಂದಿರ ಹಾಗೆ ಕಾಣುತ್ವೆ."

"ಚಾಸಿ ಮೇಲಿನ ನಂಬರ್ ಉಜ್ಜಿ ತೆಗೆದಿದ್ದೀಯ. ಕದ್ದ ಮಾಲಿಗೆ ಮಾತ್ರ ಹಾಗೆ ಮಾಡ್ತಾರೆ."

"ತುಕ್ಕು ಹಿಡಿದಿತ್ತು."

"ತುಕ್ಕು ಅಷ್ಟು ಅಚ್ಚುಕಟ್ಟಾಗಿ ನಂಬರ್ ಮೇಲೇ ಕೂರಲ್ಲ ಹುಮೈದ್." ನಾನು ದನಿ ಏರಿಸಲಿಲ್ಲ. "ಬಲಗಡೆ, ಹಿಂದಿನ ಚಕ್ರದ ಹತ್ತಿರ ಒಂದು ತೇಪೆ ಇದೆ. ಒಂಟೆಯಾಗಿದ್ರೆ ಅದು ಬಲತೊಡೆ. ನಮ್ಮಪ್ಪ ಗಾಡಿ ತಂದ ವಾರವೇ, ಒಂಟೆಗೆ ಬರೆ ಹಾಕೋ ಜಾಗದಲ್ಲೇ, ನಮ್ಮ ಮನೆತನದ ಗುರುತನ್ನ ಬೆಸುಗೆಯಲ್ಲಿ ಬರೆಸಿದ್ದ. ಅರ್ಧಚಂದ್ರ, ಅದರ ಕೆಳಗೆ ಎರಡು ಗೀಟು. ಆ ತೇಪೆ ಕೆಳಗೆ ಅದಿಲ್ಲ ಅಂತ ಅಲ್ಲಾಹನ ಹೆಸರಲ್ಲಿ ಹೇಳು. ಈಗಲೇ ಕಾಫಿ ಕುಡಿದು, ನಿನ್ನ ಕ್ಷಮೆ ಕೇಳಿ ಎದ್ದು ಹೋಗ್ತೀನಿ."

ಹುಮೈದ್ ಹೂಜಿಯನ್ನು ಕೆಳಗಿಟ್ಟ. ತನ್ನ ಬೆರಳ ಚುಕ್ಕಿಗಳನ್ನು ನೋಡಿಕೊಂಡ.

ಅವನು ಆಣೆ ಹಾಕಲಿಲ್ಲ.

"ಗ್ರೈಂಡರ್ ನಿನ್ನ ಕೈಯಲ್ಲೇ ಇತ್ತು," ಎಂದೆ. "ನಂಬರ್ ಅಳಿಸಿದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಗುರುತನ್ನೂ ಅಳಿಸಿದ್ರೆ ನಾನು ಇವತ್ತು ಬರಿಗೈಲಿ ಹೋಗ್ತಿದ್ದೆ. ಯಾಕೆ ಬಿಟ್ಟೆ?"

"ನಂಬರ್ ಕಾರ್ಖಾನೇದು. ಅದಕ್ಕೆ ಅಪ್ಪ ಅಮ್ಮ ಇಲ್ಲ. ಗುರುತಿಗೆ ಇದ್ದಾರೆ." ಅವನ ದನಿ ಇಳಿದಿತ್ತು. "ಮೂರು ಸಲ ಗ್ರೈಂಡರ್ ಹತ್ರ ಒಯ್ದೆ. ಮೂರು ಸಲವೂ ಕೈ ಹಿಂದೆ ಬಂತು. ನಮ್ಮಜ್ಜ ಎಂಥ ಕಳ್ಳ ಅಂತ ನಿಂಗೊತ್ತಲ್ಲ? ನಿಮ್ಮವರ ಒಂಟೆಗಳನ್ನೇ ಕದೀತಿದ್ದ. ಅವನೂ ಬರೆ ಮೇಲೆ ಬರೆ ಹಾಕಿದವನಲ್ಲ. ಟಾರು ಬಳಿದು ಮುಚ್ತಿದ್ದ ಅಷ್ಟೆ."

"ಅಜ್ಜನಿಗೆ ತಕ್ಕ ಮೊಮ್ಮಗ."

"ಬಯ್ಯಿ, ಬಯ್ಯಿ. ನಿನಗೆ ಹಕ್ಕಿದೆ."

"ಬಯ್ಯೋಕೆ ಬಂದಿಲ್ಲ. ನನ್ನ ತಮ್ಮನನ್ನ ಕೊಂದವನ ಹೆಸರು ಕೇಳೋಕೆ ಬಂದಿದ್ದೀನಿ."

ಹುಮೈದ್ ತಟ್ಟನೆ ತಲೆಯೆತ್ತಿದ. ಅವನ ಕಣ್ಣಿನಲ್ಲಿದ್ದದ್ದು ಭಯವಲ್ಲ. ಅಯ್ಯೋ ಎನ್ನಿಸುವವರನ್ನು ನೋಡುವಾಗ ಇರುತ್ತದಲ್ಲ, ಅದು.

"ಕೊಂದವನಾ?" ಎಂದ. "ಬಖೀತಣ್ಣಾ, ಜಾಡು ತಪ್ಪಿ ಬಂದಿದ್ದೀಯ."

"ಹಾಗಾದ್ರೆ ಸರಿಯಾದ ಜಾಡು ಹೇಳು."

"ಹೇಳಲ್ಲ. ಗಾಡಿ ತಂದವರ ಹೆಸರು ಯಾರಿಗೂ ಹೇಳಲ್ಲ ಅಂತ ಕುರ್‌ಆನ್ ಮೇಲೆ ಕೈಯಿಟ್ಟು ಮಾತು ಕೊಟ್ಟಿದೀನಿ. ನನ್ನ ಕಾಫಿ ಆರಿಹೋಗಲಿ, ಹೆಸರು ಕೆಟ್ಟುಹೋಗಲಿ. ಹೇಳಲ್ಲ."

ಲೋಟದ ಹಬೆ ತೆಳ್ಳಗಾಗಿ ನಿಂತಿತು. ಒಂದು ನೊಣ ಬಂದು ಅಂಚಿನ ಮೇಲೆ ಕುಳಿತಿತು. ಅವನು ಅದನ್ನು ಓಡಿಸಿದ.

ಕೊನೆಗೆ ಅವನೇ ಎದ್ದ. "ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ತೇಪೆ ತೆಗೆಯಲ್ಲ ಅಂತ ಕೊಟ್ಟಿಲ್ಲ. ಗುಲ್ ಜಮಾನ್! ಗ್ರೈಂಡರ್ ತಗೊಂಡು ಬಾ."

ಕಿಡಿಗಳು ಬಾಲ ಬಿಚ್ಚಿಕೊಂಡು ಹಾರಿದವು. ನಾನು ಮತ್ತೆ ಗಾಡಿಯ ಕೆಳಗೆ ಮಲಗಿದೆ, ಗುಲ್ ಜಮಾನನ ಪಕ್ಕ. ತೇಪೆಯ ಅಂಚು ಒಂದೊಂದೇ ಸುತ್ತು ಬಿಟ್ಟಿತು. ಅವನು ಉಳಿ ಕೊಟ್ಟು ಒಂದೇ ಏಟು ಹಾಕಿದ. ತಗಡು ಟಣ್ಣೆಂದು ನನ್ನ ಕಿವಿಯ ಪಕ್ಕ ಬಿತ್ತು.

ಅರ್ಧಚಂದ್ರ.

ನಾನು ಬಿಸಿಯನ್ನೂ ಲೆಕ್ಕಿಸದೆ ಬೆರಳಿಟ್ಟೆ. ನಮ್ಮಪ್ಪನ ಗುರುತು. ಅದರ ಕೆಳಗೆ ಮೊದಲ ಗೀಟು. ಎರಡನೆಯ ಗೀಟು.

ಬೆರಳು ಮುಂದಕ್ಕೆ ಸರಿದು ಇನ್ನೊಂದಕ್ಕೆ ತಾಗಿತು.

ಮೂರನೆಯ ಗೀಟು.

"ಗುಲ್ ಜಮಾನ್," ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು. "ಈ ಕೊನೇದನ್ನ ನೀನು ಹಾಕಿದ್ಯಾ?"

"ಛೆ ಛೆ! ಇದು ಬೆಸುಗೆಯಾ? ಕುರಿ ಹಿಕ್ಕೆ ಹಾಕಿದ ಹಾಗಿದೆ." ಅವನು ಕಣ್ಣು ಹತ್ತಿರ ತಂದ. "ಇದು ಯಂತ್ರದ್ದಲ್ಲ ಅಜ್ಜಾ. ಗಾಡಿ ಬ್ಯಾಟರಿಗಳನ್ನ ಒಂದಕ್ಕೊಂದು ಕಟ್ಟಿ ಮರಳಲ್ಲಿ ಮಾಡ್ತಾರಲ್ಲ, ಅದು. ಕೆಲಸ ಗೊತ್ತಿಲ್ಲದೋರ ಕೈ. ಉಳಿದ ಗುರುತು ಬಹಳ ಹಳೇದು. ಇದು ಅಷ್ಟು ಹಳೇದಲ್ಲ. ತುಕ್ಕು ನೋಡಿದ್ರೆ... ಹದಿನೆಂಟು ವರ್ಷ? ಇಪ್ಪತ್ತು? ಅದಕ್ಕಿಂತ ಮೇಲಿಲ್ಲ."

ನಾನು ಅಲ್ಲೇ ಮಲಗಿದ್ದೆ. ಉಕ್ಕಿನ ಪುಡಿ ಕಣ್ಣಿಗೆ ಬಿದ್ದು ನೀರು ಬರುತ್ತಿತ್ತು, ಒರೆಸಿಕೊಳ್ಳಲಿಲ್ಲ.

ನಮ್ಮಲ್ಲಿ ಮಗನು ಮದುವೆಯಾದರೆ ಗುರುತು ಬದಲಾಗುವುದಿಲ್ಲ. ಅವನಿಗೆ ಮೊದಲ ಮಗು ಹುಟ್ಟಿ, ಬೇರೆ ಮನೆ ಹೂಡಿದ ದಿನ, ಅಪ್ಪನ ಗುರುತಿನ ಪಕ್ಕ ತನ್ನದೊಂದು ಗೀಟು ಸೇರಿಸುತ್ತಾನೆ. ಅವನಲ್ಲದೆ ಬೇರೆ ಯಾರೂ ಸೇರಿಸುವಂತಿಲ್ಲ. ಕದ್ದವನಿಗೆ ಅದು ಬೇಕಾಗಿಯೂ ಇಲ್ಲ. ನನ್ನ ಒಂಟೆಯ ತೊಡೆಯ ಮೇಲೆ ಇವತ್ತಿಗೂ ಎರಡೇ ಗೀಟು.

ಸುಹೈಲ್ ಕಾಣೆಯಾದಾಗ ಅವನಿಗೆ ಇಪ್ಪತ್ತಾರು. ಮದುವೆಯಾಗಿರಲಿಲ್ಲ.

ಆಗಬೇಕೆಂದಿದ್ದ. ಉಪ್ಪಿನ ಕೆಸರಿನ ಆಚೆ ದಂಡೆಯವರ ಹುಡುಗಿ. ಆ ಮನೆತನಕ್ಕೂ ನಮಗೂ ನಡುವೆ ರಕ್ತ ಹರಿದಿತ್ತು, ನಮ್ಮಜ್ಜನ ಕಾಲದಲ್ಲಿ. ಅವನು ಬಂದು ಕೇಳಿದ ಸಂಜೆ ನಾನು ಅಣ್ಣನಾಗಿ ಎದ್ದು ನಿಂತು ಹೇಳಿದ್ದೆ: "ಆ ಹೆಣ್ಣು ಈ ಗುಡಾರಕ್ಕೆ ಬಂದ ದಿನ ನನಗೆ ತಮ್ಮ ಸತ್ತ." ಬೆಳಿಗ್ಗೆ ಗಾಡಿ ಇರಲಿಲ್ಲ.

ಆಮೇಲೆ ನಾನು ಜಾಡು ಹಿಡಿದು ಹೋದೆ. ಕೆಸರಿನ ಈಚೆ ದಂಡೆಯಲ್ಲಿ ನಿಂತೆ. ಸುತ್ತು ಬಳಸಿ ಆಚೆ ದಂಡೆಗೆ ಹೋಗಿ, ಹೊರಗೆ ಬಂದ ಗುರುತು ಇದೆಯೇ ಎಂದು ನೋಡಲಿಲ್ಲ. ಅದು ಆ ಮನೆತನದವರ ನೆಲ. ಅಲ್ಲಿ ಕಾಲಿಡಲು ನನ್ನ ಜಂಬ ಬಿಡಲಿಲ್ಲ. ಕಲಿಯುವ ಮಕ್ಕಳೂ ಮಾಡದ ತಪ್ಪು. ಅದನ್ನೇ ನ್ಯಾಯಾಧೀಶರ ಮುಂದೆ ಸಾಕ್ಷಿಯಾಗಿ ಹೇಳಿದೆ.

ನಮ್ಮ ತಾಯಿ ಯಾಕೆ ನನ್ನ ಮುಖವನ್ನೇ ನೋಡುತ್ತಿದ್ದಳು ಎಂಬುದು ಈಗ, ಗಾಡಿಯ ಕೆಳಗೆ, ತಿಳಿಯಿತು.

ಇಳಿಹೊತ್ತಿನ ಅಸರ್ ನಮಾಜಿನ ಕರೆ ಕೇಳಿತು.

ಮೂವರೂ ಕೈಕಾಲು ತೊಳೆದು ಅಂಗಳದಲ್ಲಿ ನಿಂತೆವು. ವಯಸ್ಸಿನಲ್ಲಿ ದೊಡ್ಡವನೆಂದು ನನ್ನನ್ನು ಮುಂದೆ ನಿಂತು ನಮಾಜು ನಡೆಸಲು ಹೇಳಿದರು. ನಾನು ಒಲ್ಲೆ ಎಂದೆ. ಸುಳ್ಳುಸಾಕ್ಷಿ ಹೇಳಿದವನು ಯಾರ ಮುಂದೆಯೂ ನಿಲ್ಲಬಾರದು. ಹುಮೈದ್ ಮುಂದೆ ನಿಂತ. ನಾನು ಹಣೆಯನ್ನು ನೆಲಕ್ಕೆ ಹಚ್ಚಿದೆ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಐದು ಸಲ ನಾನು ಸತ್ತವರ ಸಾಲಿನಲ್ಲಿ ತಮ್ಮನ ಹೆಸರು ಹೇಳಿ ಬೇಡಿಕೊಂಡಿದ್ದೇನೆ. ಇವತ್ತು ಯಾವ ಸಾಲಿನಲ್ಲಿ ಹೇಳಬೇಕೆಂದು ಗೊತ್ತಾಗಲಿಲ್ಲ. ನೀನೇ ಬಲ್ಲೆ, ನೀನೇ ಇಟ್ಟುಕೋ ಎಂದೆ.

ನಮಾಜು ಮುಗಿಸಿ ಹುಮೈದ್ ಅಂಗಳಕ್ಕೆ ನೀರು ಚಿಮುಕಿಸಿದ. ಗ್ರೈಂಡರಿನ ಧೂಳು ಕೂರಲಿ ಎಂದು ಹೇಳಿದ. ಆದರೆ ಅವನು ಚಿಮುಕಿಸಿದ್ದು ಗೇಟಿನಿಂದ ಗಾಡಿಯವರೆಗೆ ಮಾತ್ರ, ಒಂದು ದಾರಿಯ ಅಗಲಕ್ಕೆ. ಒದ್ದೆ ಮರಳು ಹೊಸ ಹಾಳೆಯ ಹಾಗೆ ಬಿದ್ದುಕೊಂಡಿತು.

"ಗಾಡಿ ಒಯ್ಯೋಕೆ ಈಗ ಬರ್ತಾರೆ," ಎಂದ, ನನ್ನ ಮುಖ ನೋಡದೆ. "ಬಾಯಿ ಕಟ್ಟಿಕೊಂಡಿದ್ದು ನಾನು. ನಿನ್ನ ಕಣ್ಣು ಯಾರೂ ಕಟ್ಟಿಲ್ಲ. ಈಗಲಾದ್ರೂ ಕಾಫಿ ಕುಡಿ."

"ಅರ್ಧ ಕೊಟ್ಟಿದ್ದೀಯ. ಲೋಟ ಅಲ್ಲೇ ಇರಲಿ."

ಗೇಟಿನ ಆಚೆ ಒಂದು ಬಾಡಿಗೆ ಕಾರು ನಿಂತು ಹೊರಟುಹೋಯಿತು.

ಒಳಗೆ ಬಂದವಳು ಒಬ್ಬ ಹುಡುಗಿ. ಒಬ್ಬಳೇ. ಕಪ್ಪು ನಿಲುವಂಗಿ, ಮುಖಕ್ಕೆ ಕಣ್ಣಷ್ಟೇ ಕಾಣುವ ಮುಸುಕು. ಇಪ್ಪತ್ತರ ನಡಿಗೆ. ನನ್ನತ್ತ ತಿರುಗಿಯೂ ನೋಡದೆ ನೇರವಾಗಿ ಗಾಡಿಯತ್ತ ಹೋದಳು.

"ಹುಮೈದ್ ಮಾವಾ, ಸಲಾಂ. ಆಯ್ತಾ?"

ಮಾತಿನಲ್ಲಿ ಆಚೆ ದಂಡೆಯವರ ರಾಗವಿತ್ತು. ಆದರೆ ನಾನು ಕೇಳುತ್ತಿರಲಿಲ್ಲ. ನಾನು ನೆಲ ನೋಡುತ್ತಿದ್ದೆ.

ಒದ್ದೆ ಮರಳಿನ ಮೇಲೆ ಹತ್ತೊಂಬತ್ತು ಹೆಜ್ಜೆ. ಬಲಗಾಲು ನೇರ. ಎಡಗಾಲು ಒಳಗಡೆ ತಿರುಗಿ, ಹೆಬ್ಬೆರಳ ತುದಿ ಮರಳನ್ನು ಚೂರು ಗೀರಿಕೊಂಡು. ಪಕ್ಕದಲ್ಲೇ, ನಮಾಜಿನ ಚಾಪೆಯಿಂದ ಬಂದ ನನ್ನ ಹೆಜ್ಜೆ. ಅವಳದರ ಅಳತೆ ಚಿಕ್ಕದು, ವಯಸ್ಸು ಚಿಕ್ಕದು, ಉಳಿದದ್ದೆಲ್ಲ ಒಂದೇ.

ಗುಲ್ ಜಮಾನ್ ನನ್ನ ಹೆಜ್ಜೆ ನೋಡಿದ, ಅವಳದು ನೋಡಿದ.

ಅವಳು ಹಿಂದಿನ ಬಾಗಿಲು ತೆಗೆದು ಸೀಟನ್ನು ಕೈಯಿಂದ ಒತ್ತಿ ನೋಡಿದಳು. ಕಿಟಕಿಯ ಗಾಜನ್ನು ಏರಿಸಿ ಇಳಿಸಿದಳು. "ಇದು ಪೂರ್ತಿ ಇಳಿಯಬಾರದು ಮಾವಾ. ನಾಲ್ಕು ಬೆರಳು ಸಾಕು."

"ಈಗಲೇ ಗೂಟ ಹಾಕಿಸ್ತೀನಿ. ಎರಡು ನಿಮಿಷ."

"ಒಳಗಿನ ಹಿಡಿ?"

"ಎರಡೂ ಬಾಗಿಲಿಂದ ತೆಗೆಸಿದ್ದೀನ್ಮಾ."

"ಒಳ್ಳೇದು." ಅವಳು ನುಣ್ಣನೆಯ ಬಾಗಿಲಿನ ಮೇಲೆ ಅಂಗೈ ಸವರಿದಳು. "ಹೋದ ಸಲ ಓಡ್ತಿದ್ದ ಗಾಡಿಯಿಂದಲೇ ಹಾರಿದ್ರು."

ಕೆಲಸ ಮುಗಿದಿಲ್ಲವೆಂದು ನಾನು ತಿಳಿದದ್ದು, ಹೇಳಿ ಮಾಡಿಸಿದ ಕೆಲಸವಾಗಿತ್ತು. ಸದ್ದಿಗೆ ಹೆದರುವವರು. ಮಲಗಿಸಬಹುದಾದ ಸೀಟು. ಒಳಗಿಂದ ತೆರೆಯದ ಬಾಗಿಲು. ಅದು ರೋಗಿಯನ್ನು ಒಯ್ಯುವ ಗಾಡಿಯೋ, ಸೆರೆಯಾಳನ್ನೋ?

ಗುಲ್ ಜಮಾನ್ ಕಿಟಕಿಗೆ ಗೂಟ ಹಾಕುವಷ್ಟು ಹೊತ್ತು ಅವಳು ನೆರಳಿಗೆ ಬಂದು ನಿಂತಳು. ಆಗ ಚಾಪೆಯ ಪಕ್ಕದ ಲೋಟವನ್ನು ಕಂಡಳು. ಕಾಫಿಯ ಮೇಲೆ ತೆಳ್ಳನೆಯ ಧೂಳಿನ ಕೆನೆ ಕಟ್ಟಿತ್ತು.

"ಯಾರೋ ಕುಡಿಯದೆ ಇಟ್ಟಿದ್ದಾರೆ," ಎಂದಳು. ಮೊದಲ ಸಲ ನನ್ನತ್ತ ನೋಡಿದಳು. "ನಿಮ್ಮದಾ ಅಜ್ಜಾ? ಹುಮೈದ್ ಮಾವನ ಹತ್ರ ಏನು ಕೇಳಿದ್ರಿ, ಅವರು ಕೊಡದೇ ಇರೋ ಅಂಥದ್ದು?"

ನನ್ನ ನಾಲಿಗೆಯ ಮೇಲೆ ಒಂದು ಹೆಸರು ಇತ್ತು. ಅದನ್ನು ಹೇಳಿದರೆ ಅವಳು ಗಾಡಿ ಹತ್ತಿ ಹೊರಟುಹೋಗಬಹುದು. ಇನ್ನೊಂದು ಇಪ್ಪತ್ತೆರಡು ವರ್ಷ ನನ್ನ ಹತ್ತಿರ ಇಲ್ಲ.

"ಒಂದು ಜಾಗ ಕೇಳಿದೆ ಮಗಳೇ," ಎಂದೆ. "ಆ ಗಾಡಿಯ ಹಿಂದಿನ ಸೀಟಿನಲ್ಲಿ."

"ಆ ಬಾಗಿಲು ಒಳಗಿಂದ ತೆರೆಯಲ್ಲ ಅಜ್ಜಾ."

"ಗೊತ್ತು. ಕೂತು ನೋಡಿದ್ದೀನಿ."

ಅವಳು ನನ್ನ ಮುಖವನ್ನು ನೋಡಲಿಲ್ಲ. ನನ್ನ ಪಾದಗಳನ್ನು ನೋಡಿದಳು. ಆಮೇಲೆ ಹೋಗಿ ಹಿಂದಿನ ಬಾಗಿಲನ್ನು ಅಗಲಿಸಿ ಹಿಡಿದಳು.

ನಾನು ಬಗ್ಗಿ ಲೋಟವನ್ನೆತ್ತಿ, ಧೂಳಿನ ಸಮೇತ ಒಂದೇ ಗುಟುಕಿಗೆ ಕುಡಿದೆ. ಹುಮೈದ್ ಮುಖ ಆಚೆ ತಿರುಗಿಸಿ ತಲೆವಸ್ತ್ರದಿಂದ ಕಣ್ಣೊತ್ತಿಕೊಂಡ. ನಾನು ಹತ್ತಿ ಕುಳಿತೆ. ಬಾಗಿಲು ಮುಚ್ಚಿತು. ಒಳಗೆ ಹಿಡಿಯಿಲ್ಲ, ಗಾಜು ನಾಲ್ಕೇ ಬೆರಳು.

ಅವಳು ಸ್ಟೀರಿಂಗ್ ಮುಂದೆ ಕುಳಿತು ಕೀಲಿ ತಿರುಗಿಸಿದಳು. ಎಂಟು ಸಿಲಿಂಡರಿನ ಆ ಸಿಂಹ, ಬಾಯಿಗೆ ಬಟ್ಟೆ ತುರುಕಿಸಿಕೊಂಡೇ, ಮೆಲ್ಲಗೆ ಉಸಿರಾಡಿತು. ಗೇಟು ದಾಟಿದೆವು. ಡಾಂಬರು ಮುಗಿದು ಮರಳು ಸಿಕ್ಕಿತು. ಪಶ್ಚಿಮಕ್ಕೆ, ಉಪ್ಪಿನ ಕೆಸರಿನ ಕಡೆಗೆ ತಿರುಗಿದಳು.

ಆಗ ನನಗೆ ಹೊಳೆಯಿತು. ಗುರುತಿಲ್ಲದ ಗಂಡಸನ್ನು ಹೀಗೆ ಒಬ್ಬಳೇ ಗಾಡಿಗೆ ಹತ್ತಿಸಿಕೊಳ್ಳುವ ಹುಡುಗಿ ನಮ್ಮ ಮರಳಿನಲ್ಲಿ, ಈಚೆ ದಂಡೆಯಲ್ಲೂ ಇಲ್ಲ, ಆಚೆ ದಂಡೆಯಲ್ಲೂ ಇಲ್ಲ.

ಕನ್ನಡಿಯಲ್ಲಿ ಎರಡು ಕಣ್ಣುಗಳು ನನ್ನನ್ನು ನೋಡುತ್ತಿದ್ದವು. ಅವು ಒದ್ದೆಯಾಗಿದ್ದವು, ಸಿಟ್ಟೂ ಇತ್ತು.

"ಈ ಸೀಟು ಅಪ್ಪನಿಗೆ ಮಾಡಿಸಿದ್ದು. ಮನೆಯವರಿಗೆ ತಿಳಿಯದ ಹಾಗೆ ಆ ಹಳೇ ಇಂಜಿನ್ನನ್ನ ನಿಮ್ಮ ಕಣ್ಣಿಗೆ ಬೀಳಲಿ ಅಂತ್ಲೇ ಸಂತೆಯಲ್ಲಿ ಇಡಿಸಿ ಮೂರು ವಾರ ಆಯ್ತು," ಎಂದಳು. "ಇಷ್ಟು ತಡ ಮಾಡಿಬಿಟ್ರಲ್ಲ, ದೊಡ್ಡಪ್ಪಾ?"